ಮದುವೆಗೆ ಹೋದ ರಾಗ

ಟ್ಯಾಕ್ಸಿ ಪೂರ್ತಿ ನಿಲ್ಲುವ ಮೊದಲೇ ಜೊಲ್ದಾಸ್ ಇಳಿದು ಓಡತೊಡಗಿದ. ಸತ್ತವರ ಮನೆಗೆ ಮಗ ನಡೆದು ಬರಬಾರದು, ಓಡಿ ಬರಬೇಕು. ಕಾಲುವೆಯ ಮೇಲಿನ ಹಲಗೆ ದಾಟಿದ. ಹಿಪ್ಪುನೇರಳೆ ಮರಗಳನ್ನು ದಾಟಿದ. “ಅವ್ವಾ... ನನ್ನವ್ವಾ...” ಎಂದು ಗಂಟಲು ಹರಿಯುವಂತೆ ಕೂಗಿದ. ಆ ಕೂಗು ಬೇರೆ ಯಾರದೋ ಎನ್ನುವಂತೆ ಕೇಳಿಸಿತು. ಆದರೂ ಹೇಗಿರಬೇಕೋ ಹಾಗೇ ಇತ್ತು.

ಮನೆಯ ಮಣ್ಣುಗೋಡೆಯ ಉದ್ದಕ್ಕೂ ಗಂಡಸರು ನಿಂತಿದ್ದರು, ಸೊಂಟಕ್ಕೆ ಬಟ್ಟೆ ಬಿಗಿದು, ಕೋಲಿನ ಮೇಲೆ ಮೈಭಾರ ಬಿಟ್ಟು. ಅವನನ್ನು ಕಂಡದ್ದೇ ಅವರೂ ದನಿ ತೆಗೆದರು. ಚಿಕ್ಕಪ್ಪ ಪಿರ್ನಜರ್ ಅವನನ್ನು ತಬ್ಬಿಕೊಂಡು, ಅವನ ಕೈಗೂ ಒಂದು ಕೋಲು ಕೊಟ್ಟ. ಜೊಲ್ದಾಸ್ ಗೋಡೆಗೆ ಮುಖ ಮಾಡಿ ಇನ್ನೊಮ್ಮೆ ಕೂಗಿದ. ಕಾದ.

ಈಗ ಒಳಗಿನಿಂದ ಹೆಂಗಸರ ಹಾಡು ಏಳಬೇಕು. ಹೊರಗೆ ಗಂಡಸರದು ಬರೀ ಕೂಗು. ಹೋದವರ ನಡೆ, ಕೈರುಚಿ, ಪಟ್ಟ ಕಷ್ಟ ಎಲ್ಲವನ್ನೂ ರಾಗಕ್ಕೆ ಕಟ್ಟಿ ಅಳುವವರು ಒಳಗಿನ ಹೆಂಗಸರು. ದೂರದಿಂದ ನೆಂಟನೊಬ್ಬ ತಡವಾಗಿ ಬಂದರೂ ಅವನಿಗಾಗಿ ಆ ಹಾಡನ್ನು ಮತ್ತೆ ಮೊದಲಿಂದ ಎತ್ತಿಕೊಳ್ಳುತ್ತಾರೆ. ಬಂದವನು ಮಗನಾದರಂತೂ ಹೇಳುವುದೇ ಬೇಡ.

ಏನೂ ಕೇಳಿಸಲಿಲ್ಲ. ಒಳಗೆ ಯಾರೋ ಮೂಗು ಸೀಟಿದರು. ತಟ್ಟೆಯ ಮೇಲೆ ತಟ್ಟೆ ಇಟ್ಟ ಸದ್ದು. ಅಷ್ಟೇ.

ಅವನು ಮೂರನೆಯ ಸಲ ಬಾಯಿ ತೆರೆದಾಗ ಚಿಕ್ಕಪ್ಪ ಅವನ ತೋಳು ಹಿಡಿದ. “ಸಾಕು ಬಿಡೋ. ಮಣ್ಣು ಮಾಡಿದ ದಿನದಿಂದ ಹಿಂಗೇ. ಮನೆ ತುಂಬ ಹೆಂಗಸ್ರು, ಒಬ್ಬಳಿಗೂ ಬಾಯಿಲ್ಲ. ನಮ್ಮ ಕತ್ತೆ ಸತ್ತಾಗ ಇದಕ್ಕಿಂತ ಜಾಸ್ತಿ ಗಲಾಟೆ ಆಗಿತ್ತು.”

“ಯಾಕೆ ಚಿಕ್ಕಪ್ಪಾ?”

“ನನ್ನ ಕೇಳ್ತೀಯಲ್ಲ. ಒಳಗಿನ ವಿಷಯ ಗಂಡಸ್ರಿಗೆ ಯಾರು ಹೇಳ್ತಾರೆ? ನಿಮ್ಮಕ್ಕ ಹಿರೀಮಗಳು. ಅವಳು ಎತ್ತದೆ ಬೇರೆಯವರು ಎತ್ತೋ ಹಾಗಿಲ್ಲ. ಅವಳು ಎತ್ತಲ್ಲ.” ಅವನು ಸುತ್ತ ನೋಡಿ ದನಿ ಇಳಿಸಿದ. “ನಾಳೆ ಏಳನೇ ದಿನ. ಕೆಗೆಯ್ಲಿ ಕಡೆಯಿಂದ, ಕರಾವುಜಾಕ್ ಕಡೆಯಿಂದ ಎಲ್ಲ ಬರ್ತಾರೆ. ಹಾಡಿಲ್ಲದ ಸಾವು ಅಂದ್ರೆ ಮಕ್ಕಳಿಲ್ಲದ ಸಾವು. ನಿಮ್ಮವ್ವ ಮಕ್ಕಳನ್ನ ಹೆತ್ತೂ ಹಿಂಗೆ ಹೋಗ್ಬೇಕಾ? ಹೋಗಿ ಅವಳ ಹತ್ರ ಮಾತಾಡು. ನೀನು ಹಾಡಿನ ಮನುಷ್ಯ ಅಲ್ವಾ?”

ಹಾಡಿನ ಮನುಷ್ಯ. ಬರುವ ದಾರಿಯಲ್ಲಿ ಟ್ಯಾಕ್ಸಿಯವನ ರೇಡಿಯೊದಲ್ಲಿ ಅವನದೇ ಹಾಡು ಬಂದಿತ್ತು. ನುಕುಸ್ ದಾಟಿದ ಮೇಲೆ ಹತ್ತಿಯ ಹೊಲಗಳ ನಡುವೆ ಚಾಲಕ ಸ್ಟೀರಿಂಗ್ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ತಾಯಿ ಸತ್ತ ಊರಿಗೆ ಹೋಗುತ್ತಿರುವ ಜೊಲ್ದಾಸ್ ಕಿಟಕಿಯಾಚೆ ನೋಡುತ್ತ, ಸುಮ್ಮನಿರಬೇಕೆಂದುಕೊಂಡರೂ ಸುಮ್ಮನಿರಲಾಗದೆ ಹೇಳಿಬಿಟ್ಟಿದ್ದ: “ಇದು ನಂದು.”

“ಏನು ನಿಮ್ದು?”

“ಈ ಹಾಡು. ನಾನೇ ಮಾಡಿದ್ದು.”

ಚಾಲಕ ಕನ್ನಡಿಯಲ್ಲಿ ಅವನ ಗಡ್ಡ ನೋಡಿದ, ಮುದುಡಿದ ಕೋಟು ನೋಡಿದ. “ಸರಿ ಅಣ್ಣ. ಈ ರಸ್ತೆ ನಮ್ಮಪ್ಪ ಮಾಡಿದ್ದು,” ಎಂದು ರೇಡಿಯೊ ಜೋರು ಮಾಡಿದ.

ಗಡಿಯಾಚೆಯ ಅಲ್ಮಾಟಿಗೆ ಜೊಲ್ದಾಸ್ ಹೋದದ್ದು ಹಾಡು ಮಾಡಲಿಕ್ಕಲ್ಲ, ಇಟ್ಟಿಗೆ ಹೊರಲಿಕ್ಕೆ. ಅವನ ಊರು ಚಿಂಬಾಯ್‌ನ ಹುಡುಗರೆಲ್ಲ ಹೋಗುತ್ತಿದ್ದುದು ಅದಕ್ಕೇ. ಅವರು ಕಟ್ಟುತ್ತಿದ್ದುದು ಒಂದು ಮದುವೆ ಹಾಲ್. ಚಾವಣಿ ಮುಗಿದ ವಾರವೇ ಕೆಳಗೆ ಮದುವೆಗಳು ಶುರುವಾದವು, ಮೇಲೆ ಇವರು ಇನ್ನೂ ಬಣ್ಣ ಬಳಿಯುತ್ತಿದ್ದರು. ಒಂದು ಸಂಜೆ ಕೀಬೋರ್ಡ್ ನುಡಿಸುವವನು ಕುಡಿದು ಮೆಟ್ಟಿಲಿನ ಮೇಲೆ ಮಲಗಿಬಿಟ್ಟ. ಜೊಲ್ದಾಸ್ ಬಣ್ಣದ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಕೆಳಗಿಳಿದ. ಆಮೇಲೆ ಅವನು ಇಟ್ಟಿಗೆ ಹೊರಲಿಲ್ಲ.

ಅಲ್ಲಿಯ ಗಾಯಕರು ಬದುಕುವುದು ಮದುವೆಗಳಿಂದ. ಒಂದು ಹಾಲ್‌ನಿಂದ ಇನ್ನೊಂದಕ್ಕೆ ಓಡುವಾಗ ಅವರ ಕೊರಳಲ್ಲಿ ತೂಗುವ ಪೆನ್‌ಡ್ರೈವಿನಲ್ಲಿ ‘ಮೈನಸ್’ಗಳಿರುತ್ತವೆ: ದನಿಯೊಂದು ಬಿಟ್ಟು ವಾದ್ಯವೆಲ್ಲ ತುಂಬಿದ ಟ್ರ್ಯಾಕುಗಳು. ಮಾರುಕಟ್ಟೆಯ ಹಿಂದಿನ ಒಂದು ನೆಲಮಾಳಿಗೆಯ ಸ್ಟೂಡಿಯೊದಲ್ಲಿ ಜೊಲ್ದಾಸ್ ಮೈನಸ್ ಮಾಡಲು ಕಲಿತ. ಹಾಡನ್ನೇ ಮಾಡಿದರೆ ಮೈನಸ್‌ಗಿಂತ ಹೆಚ್ಚು ಸಿಗುತ್ತದೆ ಎಂದು ಆಮೇಲೆ ತಿಳಿಯಿತು. ಜನ್‌ಸಾಯಾ ಎಂಬ ಗಾಯಕಿ ಹೆಸರು ಮಾಡಿದ್ದು ಅವನ ಹಾಡುಗಳಿಂದ. ಆ ಹಾಡುಗಳ ಮೇಲೆ, ಬರೆದವರ ಜಾಗದಲ್ಲಿಯೂ, ಇರುತ್ತಿದ್ದುದು ಅವಳ ಹೆಸರೇ. ಸ್ಟೂಡಿಯೊದ ಒಡತಿ ರಾಬಿಗಾ ಅದರ ಕಾರಣ ಮುಚ್ಚಿಡುತ್ತಿರಲಿಲ್ಲ. “ತಮ್ಮಾ, ಬೇಜಾರ್ ಮಾಡ್ಕೋಬೇಡ. ಮದುಮಗನ ಅಪ್ಪ ಪೋಸ್ಟರ್ ನೋಡ್ತಾನೆ. ಈ ಹೆಸರಿನೋರು ನಮ್ಮ ಮನೆಗೆ ಟೈಲ್ಸ್ ಹಾಕ್ತಾರಲ್ಲ, ಹಾಡೂ ಮಾಡ್ತಾರಾ ಅಂತಾನೆ. ನಾನೇನ್ ಹೇಳ್ಲಿ?”

ಟೈಲ್ಸ್ ಹಾಕುವುದನ್ನೂ ಅವನು ಮಾಡಿದ್ದ. ನಕ್ಕಿದ್ದ.

ಕಳೆದ ಚಳಿಗಾಲ, ಕಲ್ಲಿದ್ದಲ ಹೊಗೆಯಿಂದ ಹಗಲೇ ಮಬ್ಬಾಗಿದ್ದ ಒಂದು ಮಧ್ಯಾಹ್ನ, ವಧು ಹಾಲ್‌ನೊಳಗೆ ಬರುವಾಗ ಹಾಡಲು ಒಂದು ಹಾಡು ಬೇಕೆಂದು ರಾಬಿಗಾ ಕೇಳಿದ್ದಳು. ಅವನು ಕೀಲಿಗಳ ಮೇಲೆ ಕೈಯಾಡಿಸುತ್ತ ಕೂತಿದ್ದ. ಒಂದು ರಾಗ ಬಂತು. ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಯ ಮೆಟ್ಟಿಲಲ್ಲಿ ನಿಂತು, ಇಳಿಯಲೋ ಬೇಡವೋ ಎನ್ನುವ ರಾಗ. ಅದು ಅವನ ಬೆರಳುಗಳಿಗೆ ಮೊದಲೇ ಗೊತ್ತಿದ್ದಂತಿತ್ತು. ಒಳ್ಳೆಯ ರಾಗಗಳು ಹಾಗೇ ಬರುತ್ತವೆ ಎಂದುಕೊಂಡ. ವೇಗ ಹೆಚ್ಚಿಸಿದ, ಕೆಳಗೆ ಡ್ರಮ್ ಇಟ್ಟ, ನಿಲ್ಲುವ ಜಾಗದಲ್ಲಿ ದೊಂಬ್ರಾದ ತಂತಿ ಮೀಟಿದ. ಆ ನಿಲುಗಡೆಯಲ್ಲಿ ಇಡೀ ಹಾಲ್ ಕೈ ಮೇಲೆತ್ತುತ್ತದೆ ಎಂದು ಅವನಿಗೆ ಆಗಲೇ ಕಾಣುತ್ತಿತ್ತು.

ರಾಬಿಗಾ ಕೇಳಿ ಚಹಾದ ಬಟ್ಟಲು ಕೆಳಗಿಟ್ಟಳು. “ಎಲ್ಲಿಂದ ಎತ್ತಿದ್ದು?”

“ನಂದೇ.”

“ನಿಜ ಹೇಳು. ಆಮೇಲೆ ಯಾರೋ ಬಂದು ನಮ್ಮಜ್ಜಂದು ಅಂದ್ರೆ ಕಷ್ಟ.”

ಅವನು ಮೇಜಿನ ಮೇಲಿದ್ದ ರೊಟ್ಟಿಯ ಮೇಲೆ ಕೈಯಿಟ್ಟ. “ನಂದೇ. ಸುಳ್ಳಾದ್ರೆ ಈ ರೊಟ್ಟಿ ನನ್ನ ಹೊಡೀಲಿ.”

ರೊಟ್ಟಿ ಮುಟ್ಟಿ ಹೇಳಿದ ಮೇಲೆ ಮಾತಿಲ್ಲ. ‘ಹೊಸಿಲು ದಾಟಿ ಬಾ’ ಎಂಬ ಆ ಹಾಡು, ಮೊದಲ ಸಲ, ಅವನ ಹೆಸರಿನಲ್ಲೇ ಹೊರಬಂತು. ಬೇಸಿಗೆಯ ಹೊತ್ತಿಗೆ ಆ ಹಾಡಿಲ್ಲದೆ ಅಲ್ಮಾಟಿಯಲ್ಲಿ ಯಾವ ವಧುವೂ ಹಾಲ್‌ನೊಳಗೆ ಬರುತ್ತಿರಲಿಲ್ಲ. ಶಿಮ್ಕೆಂತ್‌ಗೆ ಹೋಯಿತು, ತಾಷ್ಕೆಂಟ್‌ಗೆ ಹೋಯಿತು, ನುಕುಸ್‌ಗೂ ಬಂತು. ಅವನು ತಾಯಿಗೆ ಫೋನಿನಲ್ಲಿ ಕಳಿಸಿದ್ದ. “ಕೇಳ್ದೆ ಮಗಾ,” ಎಂದಿದ್ದಳು. “ತಾಳ ಜೋರಾಗಿದೆ.” ಆಮೇಲೆ, “ಊಟಕ್ಕೇನ್ ಮಾಡ್ಕೋತೀಯ?” ಎಂದು ಕೇಳಿದ್ದಳು.

ಅಕ್ಕ ಸಾರ್ಬಿನಾಜ್ ಹಿತ್ತಲಲ್ಲಿ ದೊಡ್ಡ ಕಡಾಯಿಯ ಮುಂದೆ ಕೂತು ಬೌರ್ಸಾಕ್ ಕರಿಯುತ್ತಿದ್ದಳು. ಏಳನೆಯ ದಿನದವರೆಗೂ ಮನೆಯಲ್ಲಿ ಕರಿದ ಹಿಟ್ಟಿನ ವಾಸನೆ ಏಳುತ್ತಿರಬೇಕು. ಹೋದವರನ್ನು ತಲುಪುವುದು ಅದೊಂದೇ. ತಮ್ಮನನ್ನು ಕಂಡು ಅವಳು ಏಳಲಿಲ್ಲ. ಬಲಗೈ ಎಣ್ಣೆಯಾಗಿತ್ತು, ಎಡಗೈಯಿಂದ ಅವನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು.

“ಪಾಸ್‌ಪೋರ್ಟ್ ಕೈಗೆ ಬಂದಿದ್ದೇ ಮೊನ್ನೆ ಅಕ್ಕ. ವಾಸದ ಪರವಾನಗಿಗೆ ಕೊಟ್ಟಿದ್ದೆ.”

“ಗೊತ್ತು. ಅದಕ್ಕೆ ಯಾರೂ ನಿನ್ನ ಏನೂ ಅಂದಿಲ್ಲ.”

“ನಾನು ಗೋಡೆ ಹತ್ರ ಕೂಗ್ದೆ.”

“ಕೇಳಿಸ್ತು.”

“ಯಾರೂ ಎತ್ತಲಿಲ್ಲ.”

ಅವಳು ಜಾಲರಿ ಸೌಟಿನಿಂದ ಬೌರ್ಸಾಕ್‌ಗಳನ್ನು ಮಗುಚಿದಳು. “ಎತ್ತಿದ್ದೆ. ಅವ್ವನ್ನ ಹೊರಗೆ ತಗೊಂಡು ಹೋಗೋ ಹೊತ್ತಲ್ಲಿ ಎತ್ತಿದ್ದೆ. ಎರಡು ಸಾಲು.”

“ಆಮೇಲೆ?”

“ಆಮೇಲೆ ಬಿಬಿಷ್ ಎದ್ದು ಕುಣಿದ್ಲು.”

ಬಿಬಿಷ್ ಅಕ್ಕನ ಮೊಮ್ಮಗಳು. ಇನ್ನೂ ಮಾತು ಸರಿಯಾಗಿ ಬಾರದ ಮಗು.

“ಕೈ ಮೇಲೆತ್ಕೊಂಡು, ಮಣಿಕಟ್ಟು ತಿರುಗಿಸ್ಕೊಂಡು. ಚೆನ್ನಾಗೇ ಕುಣಿದ್ಲು. ಅವ್ವನ ಕಾಲ ಹತ್ರ. ಮಗೂದು ತಪ್ಪೇನಿದೆ? ಮದ್ವೆಗಳಲ್ಲಿ ನಾವೇ ಅಲ್ವಾ ಅವಳನ್ನ ಮಧ್ಯಕ್ಕೆ ಬಿಟ್ಟು ಚಪ್ಪಾಳೆ ತಟ್ಟಿದ್ದು? ಪಕ್ಕದ ಮನೆ ಸೊಸೆ ತಲೆವಸ್ತ್ರದ ತುದಿ ಬಾಯಿಗೆ ತುರುಕ್ಕೊಂಡ್ಲು. ನಗು ತಡೆಯೋಕೋ ಅಳು ತಡೆಯೋಕೋ ನಾನು ನೋಡೋಕೆ ಹೋಗ್ಲಿಲ್ಲ. ಅಲ್ಲಿಗೆ ನಿಲ್ಲಿಸ್ದೆ.”

“ಯಾವ ರಾಗಕ್ಕೆ ಕುಣಿದ್ಲು?”

ಸಾರ್ಬಿನಾಜ್ ಈಗ ಅವನ ಮುಖ ನೋಡಿದಳು, ಬಹಳ ಹೊತ್ತು. “ನಿಜವಾಗ್ಲೂ ಗೊತ್ತಿಲ್ವೇನೋ ನಿಂಗೆ?”

ಅವಳು ಬಾಯಿ ಮುಚ್ಚಿಯೇ ಗುನುಗಿದಳು, ಕಡಾಯಿಯ ಕಡೆ ನೋಡುತ್ತ. ರಾಗ ಮೇಲಿನಿಂದ ನಿಧಾನವಾಗಿ ಇಳಿಯಿತು. ಒಂದು ಮೆಟ್ಟಿಲು. ಇನ್ನೊಂದು. ಕೊನೆಯದರಲ್ಲಿ ನಿಂತಿತು. ಡ್ರಮ್ ಇಲ್ಲ, ತಂತಿ ಇಲ್ಲ.

ಅಪ್ಪ ಸತ್ತ ವರ್ಷ ಜೊಲ್ದಾಸ್‌ನ ಕೈಗೆ ಕೊಟ್ಟ ಕೋಲು ಅವನಿಗಿಂತ ಎತ್ತರವಿತ್ತು. ಗಂಡಸರ ಜೊತೆ ಗೋಡೆಯ ಹೊರಗೆ ನಿಂತಿದ್ದ. ಗೋಡೆಯ ಮಣ್ಣಿನಲ್ಲಿ ಹುಲ್ಲಿನ ಚೂರುಗಳಿದ್ದವು, ಅವುಗಳನ್ನು ಒಂದೊಂದಾಗಿ ಉಗುರಿನಿಂದ ಕೀಳುತ್ತಿದ್ದ. ಒಳಗೆ ಅವ್ವ ಹಾಡುತ್ತಿದ್ದಳು. ವರ್ಷದ ಊಟ ಹಾಕಿ ಹಾಡು ನಿಲ್ಲಿಸುವವರೆಗೂ, ಯಾರು ಬಂದರೂ, ದನಕ್ಕೆ ಹುಲ್ಲು ಹಾಕುವಾಗ, ಪಾಠ ಓದುವಾಗ, ಅದು ಗೋಡೆಯಾಚೆ ಏಳುತ್ತಿತ್ತು. ಮಾತುಗಳು ಗೋಡೆ ದಾಟಿ ಬರುತ್ತಿರಲಿಲ್ಲ. ರಾಗ ಮಾತ್ರ ಬರುತ್ತಿತ್ತು. ಅದು ಹಾಡು ಎಂದು ಅವನು ಅಂದುಕೊಂಡೇ ಇರಲಿಲ್ಲ. ಮನೆಯ ಸದ್ದು ಎಂದುಕೊಂಡಿದ್ದ.

“ಅವ್ವಂದು ಅದು,” ಎಂದಳು ಅಕ್ಕ. “ಅವ್ವನಿಗೆ ಅವಳ ಅವ್ವ ಕೊಟ್ಟಿದ್ದು. ಮಾತು ಒಂದೊಂದು ಸಾವಿಗೂ ಹೊಸದು, ರಾಗ ಅದೇ. ನಮ್ಮ ಮನೆ ಹೆಣ್ಣುಮಕ್ಕಳಿಗೆ ಬೇರೆ ರಾಗದಲ್ಲಿ ಅಳೋಕೆ ಬರಲ್ಲ.”

“ನಾನು ಬೇಕು ಅಂತ...”

“ಗೊತ್ತು. ನೀನು ಕದ್ದಿದ್ರೆ ನಾಲ್ಕು ಬಯ್ದು ಸುಮ್ಮನಾಗ್ತಿದ್ದೆ.”

“ಅವ್ವನಿಗೆ ಗೊತ್ತಾಗಿತ್ತಾ?”

“ಫೋನ್ ಕಿವಿಗಿಟ್ಕೊಂಡು ಎರಡು ಸಲ ಕೇಳಿದ್ಲು. ಅವನಿಗೆ ಹೇಳ್ಬೇಡಿ ಅಂದ್ಲು. ಇಷ್ಟು ವರ್ಷಕ್ಕೆ ಮೊದಲನೇ ಸಲ ಅವನ ಹೆಸರು ಬಂದಿದೆ ಅಂದ್ಲು.” ಬೌರ್ಸಾಕ್ ಕಪ್ಪಾಗತೊಡಗಿತ್ತು. ಅವಳು ಬೇಗ ಬೇಗ ತೆಗೆದು ಬಟ್ಟೆಯ ಮೇಲೆ ಸುರಿದಳು. “ಹೋಗು. ಗಂಡಸ್ರ ಹತ್ರ ಕೂತ್ಕೋ. ಹಿತ್ತಲಲ್ಲಿ ನಿಂತ್ಕೊಂಡು ಅಳ್ಬೇಡ.”

ಅವನು ಕಾಲುವೆಯ ದಂಡೆಗೆ ಹೋಗಿ ರಾಬಿಗಾಗೆ ಫೋನ್ ಮಾಡಿದ. ಹಾಡನ್ನು ನಿಲ್ಲಿಸಬೇಕು ಎಂದ. ಕಾರಣ ಹೇಳಿದ.

ಅವಳು ಪೂರ್ತಿ ಕೇಳಿಸಿಕೊಂಡಳು. ಅವಳ ಒಳ್ಳೆಯ ಗುಣಗಳಲ್ಲಿ ಅದೂ ಒಂದು. “ತಮ್ಮಾ, ನಿಮ್ಮವ್ವನಿಗೆ ಸ್ವರ್ಗ ಸಿಗ್ಲಿ. ಆದ್ರೆ ನಿಲ್ಲಿಸೋದು ಅಂದ್ರೆ ಏನು? ನಾಳೆ ಒಂದು ದಿನಕ್ಕೆ ನಮ್ಮೂರಲ್ಲಿ ಎಷ್ಟು ಹಾಲ್‌ಗಳಲ್ಲಿ ಅದನ್ನ ಹಾಡ್ತಾರೆ ನಿಂಗೇ ಗೊತ್ತು. ಪೆನ್‌ಡ್ರೈವ್ ಕಿತ್ಕೊಳ್ಳೋಕೆ ಬಾಗಿಲು ಬಾಗಿಲಿಗೆ ನಿಲ್ತೀಯಾ? ನಾನು ಇಂಟರ್ನೆಟ್‌ನಿಂದ ತೆಗೀಬಹುದು. ಜನರ ಬಾಯಿಂದ ತೆಗೆಯೋಕಾಗಲ್ಲ.”

“ತೆಗೀರಿ ಅಕ್ಕಾ, ಅಷ್ಟಾದ್ರೂ.”

“ತಡಿ. ನಾನೊಂದು ಮಾತು ಹೇಳ್ತೀನಿ, ಸಿಟ್ಟಾಗ್ಬೇಡ. ನಿಮ್ಮಕ್ಕನ್ನ ಇಲ್ಲಿಗೆ ಕರ್ಕೊಂಡು ಬಾ. ನಿಜವಾದ ಅಳು, ನಿಜವಾದ ಮಾತು. ಹಿಂದೆ ಏನೂ ಬೇಡ, ಸುಮ್ಮನೆ ಒಂದು ಕೋಬಿಜ್ ಎಳ್ಕೊಂಡು ಹೋಗ್ಲಿ. ಜನ ಇಂಥದಕ್ಕೆ ಕಾಯ್ತಿದ್ದಾರೆ ಕಣೋ ಈಗ.”

ಸಿಟ್ಟು ಬರಬೇಕಿತ್ತು. ಅದಕ್ಕೂ ಮೊದಲೇ ಅವನಿಗೆ ಅದು ಪೂರ್ತಿ ಕೇಳಿಸಿಬಿಟ್ಟಿತ್ತು: ಅಕ್ಕನ ದನಿ, ಅದರ ಬಲಗಡೆ ಸ್ವಲ್ಪ ಹಿಂದೆ ಕೋಬಿಜ್ ತಂತಿಯ ಮೇಲೆ ಕಮಾನಿನ ಒರಟು ಎಳೆತ, ಎರಡನೆಯ ಚರಣಕ್ಕೆ ಕೆಳಗಿನಿಂದ ಮೆಲ್ಲಗೆ ಏಳುವ ಬೇಸ್. ಎಲ್ಲಿ ಅವಳ ಉಸಿರು ಕೇಳಿಸುವಂತೆ ಬಿಡಬೇಕೆಂಬುದೂ ಗೊತ್ತಾಯಿತು. ಅವನು ಫೋನ್ ಆರಿಸಿ ಜೇಬಿಗೆ ಹಾಕಿಕೊಂಡ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಆ ರಾಗ ಇನ್ನು ಯಾರದೂ ಅಲ್ಲ. ಸರಿ. ಅಕ್ಕನಿಗೆ ಬೇರೊಂದು ಬೇಕು, ನಾಳೆ ಬೆಳಿಗ್ಗೆಯ ಒಳಗೆ. ಅವನಿಗೆ ಬರುವ ಕೆಲಸ ಇದೊಂದೇ ಆಗಿತ್ತು.

ಮನೆಯಲ್ಲಿ ಅಪ್ಪನ ದುತಾರ್ ಗೋಡೆಗೆ ತೂಗುತ್ತಿತ್ತು, ಆದರೆ ಸೂತಕದ ಮನೆಯಲ್ಲಿ ತಂತಿ ಮುಟ್ಟುವಂತಿಲ್ಲ. ಅವನು ದಂಡೆಯ ಮೇಲೆ ನಡೆಯುತ್ತ ಗುನುಗತೊಡಗಿದ. ಬಂದದ್ದೆಲ್ಲ ಮದುವೆಗೇ ಹೊರಟುಬಿಡುತ್ತಿತ್ತು. ಕಾಲು ತಾಳ ಹಾಕುತ್ತಿತ್ತು. ಎಷ್ಟು ನಿಧಾನ ಮಾಡಿದರೂ ಎಲ್ಲೋ ಒಂದು ಕಡೆ ಜನ ಕೈ ಮೇಲೆತ್ತುವ ಜಾಗ ತಾನಾಗಿ ಹುಟ್ಟಿಕೊಳ್ಳುತ್ತಿತ್ತು. ಕೊನೆಗೆ ಅವನು ಬೂಟು ಬಿಚ್ಚಿ, ದಂಡೆಯಲ್ಲಿ ಕೂತು, ಎರಡೂ ಕಾಲುಗಳನ್ನು ಕಾಲುವೆಯ ಕೆಸರಿಗೆ ಮೊಣಕಾಲಿನವರೆಗೆ ಇಳಿಸಿದ. ಕೆಸರು ಹಿಡಿದುಕೊಂಡಿತು. ಆಚೆ ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕನೊಬ್ಬ ಇವನನ್ನೇ ನೋಡಿ, ಏನೂ ಕೇಳದೆ ಬೇರೆ ಕಡೆ ಹೋದ.

ಆಗ ತಾಳ ಬಿಟ್ಟುಹೋಯಿತು. ಹೊತ್ತು ಇಳಿಯುವಾಗ ಒಂದು ರಾಗ ಬಂತು. ಬರುವಾಗಲೇ ಅವನು ಅದನ್ನು ಅನುಮಾನದಿಂದ ತಡೆದು ನಿಲ್ಲಿಸಿ ಕೇಳಿದ: ಯಾರ ಮನೆಯದು? ಯಾವ ಗೋಡೆಯಾಚೆಯದು? ಯಾರದೂ ಅಲ್ಲ. ಹಳೆಯದು ಇಳಿಯುತ್ತಿತ್ತು, ಇದು ಏಳಲು ನೋಡಿ ಏಳಲಾರದೆ ಅಲ್ಲಲ್ಲೇ ಸುತ್ತುತ್ತಿತ್ತು. ಅವ್ವ ಕೊನೆಯ ವರ್ಷಗಳಲ್ಲಿ ಚಾಪೆಯಿಂದ ಏಳುವಾಗ ಹಾಗೆ ಮಾಡುತ್ತಿದ್ದಳು. ಇಷ್ಟು ವರ್ಷ ಮಾಡಿದ್ದರಲ್ಲೆಲ್ಲ ಇದೇ ಒಳ್ಳೆಯದು ಎಂದು ಅವನಿಗೆ ಗೊತ್ತಾಯಿತು. ಫೋನಿನಲ್ಲಿ ಹಿಡಿದಿಡಲಿಲ್ಲ. ಮತ್ತೆ ಮತ್ತೆ ಗುನುಗಿ ಬಾಯಿಪಾಠ ಮಾಡಿಕೊಂಡ.

ಬೆಳಿಗ್ಗೆ ಅಂಗಳದಲ್ಲಿ ಕುರಿ ಕೊಯ್ದು ಕಡಾಯಿಗಳಿಗೆ ಬೆಂಕಿ ಹಾಕಿದ್ದರು. ಜೊಲ್ದಾಸ್ ಅಕ್ಕನನ್ನು ನೀರಿನ ಕೊಡದ ಹತ್ತಿರ ಹಿಡಿದ.

“ಒಳಗೆ ಹೋಗಿ ಅವ್ವ ಕೂತ್ಕೋತಿದ್ದ ಜಾಗದಲ್ಲಿ ಕೂತ್ಕೋ. ನಾನು ಹೊರಗಿಂದ ಒಂದು ಹೇಳ್ತೀನಿ, ಕೇಳು.”

“ಏನದು?”

“ಹೊಸದು. ನಿಂಗೆ. ಮಾತು ನೀನೇ ಕಟ್ಕೋ.”

“ಗಂಡಸು ಅಳು ಹಾಡ್ತಾನಾ? ಚಿಕ್ಕಪ್ಪ ನೋಡಿದ್ರೆ ಕೋಲು ಮುರೀತಾನೆ, ನಿನ್ನ ಬೆನ್ನ ಮೇಲೆ.”

“ಮುರೀಲಿ.”

ಅವಳು ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟು ಒಳಗೆ ಹೋದಳು. ಅವನು ಗೋಡೆಗೆ ಮುಖ ಮಾಡಿ ನಿಂತ, ಅಪ್ಪ ಸತ್ತಾಗ ತಾನು ಹುಲ್ಲಿನ ಚೂರು ಕೀಳುತ್ತಿದ್ದ ಜಾಗದಲ್ಲೇ. ಆಮೇಲೆ ಯಾರೋ ಅದರ ಮೇಲೆ ಸುಣ್ಣ ಬಳಿದಿದ್ದರು. ಹಣೆಯನ್ನು ಗೋಡೆಗೊತ್ತಿ, ಮಾತಿಲ್ಲದೆ, ಮೊದಲಿಂದ ಕೊನೆಯವರೆಗೂ ಹಾಡಿದ. ಸೌದೆ ಒಡೆಯುತ್ತಿದ್ದ ಸದ್ದು ನಿಂತಿತು. ಬೆನ್ನ ಹಿಂದೆ ಗಂಡಸರು ನೋಡುತ್ತಿದ್ದಾರೆಂದು ಗೊತ್ತಿತ್ತು. ಯಾರೂ ತಡೆಯಲಿಲ್ಲ.

“ಮುಗೀತಾ?” ಗೋಡೆಯಾಚೆಯಿಂದ ಅಕ್ಕ ಕೇಳಿದಳು. ಅವಳ ದನಿ ಬಹಳ ಹತ್ತಿರವಿತ್ತು. ಅವಳೂ ಗೋಡೆಗೆ ಒರಗಿರಬೇಕು.

“ಮುಗೀತು.”

“ಚೆನ್ನಾಗಿದೆ.”

“ಇನ್ನೊಂದ್ಸಲ ಹೇಳ್ಲಾ?”

“ಬೇಡ. ಬಂತು ನಂಗೆ.” ಅವಳು ಮೊದಲ ಸಾಲನ್ನು ಗುನುಗಿ ತೋರಿಸಿದಳು. ಒಂದು ಸ್ವರವೂ ತಪ್ಪಿರಲಿಲ್ಲ. ಅಲ್ಲಿಗೇ ನಿಲ್ಲಿಸಿದಳು.

ಕಾಲುವೆಯಾಚೆ ಧೂಳೆದ್ದಿತು. ಎರಡು ಕಾರು, ಹಿಂದೊಂದು ವ್ಯಾನು. ವ್ಯಾನಿನಿಂದ ಇಳಿದವರು ಹಲಗೆಯ ಕಡೆ ಓಡತೊಡಗಿದ್ದರು, ಅವರ ಕೂಗು ಆಗಲೇ ಕೇಳಿಸುತ್ತಿತ್ತು. ಚಿಕ್ಕಪ್ಪನೂ ಉಳಿದವರೂ ಕೋಲು ಹಿಡಿದು ಗೋಡೆಯುದ್ದಕ್ಕೆ ಸಾಲಾದರು. ಎಲ್ಲರೂ ಜೊಲ್ದಾಸ್‌ನನ್ನೇ ನೋಡುತ್ತಿದ್ದರು.

“ಬಂದ್ರು ಅಕ್ಕ.”

“ಕೇಳಿಸ್ತಿದೆ.”

“ಎತ್ತು. ಇದಕ್ಕೆ ಯಾರೂ ಕುಣಿಯಲ್ಲ.”

“ಇವತ್ತು ಕುಣಿಯಲ್ಲ.”

“ಯಾವತ್ತೂ ಇಲ್ಲ. ಇದನ್ನ ಯಾರಿಗೂ ಕೊಡಲ್ಲ. ಬೇಕಿದ್ರೆ ರೊಟ್ಟಿ ಮುಟ್ಟಿ...”

“ರೊಟ್ಟಿ ಮುಟ್ಬೇಡ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಇದು ನಿನ್ನ ರಾಗ ಜೊಲ್ದಾಸ್. ಇದರಲ್ಲಿ ಯಾರೂ ಸತ್ತಿಲ್ಲ. ಅಜ್ಜಿ ಇಲ್ಲ, ಅಪ್ಪ ಇಲ್ಲ. ನಾನು ಯಾರ ಪಕ್ಕದಲ್ಲಿ ಅವ್ವನ್ನ ಮಲಗಿಸ್ಲಿ?”

ಓಡಿ ಬಂದವರು ಅಂಗಳ ತಲುಪಿದ್ದರು. ಗಂಡಸರು ದನಿ ತೆಗೆದರು. ಜೊಲ್ದಾಸ್‌ಗೆ ತನ್ನ ಕೂಗು ಹೊರಡಲಿಲ್ಲ. ಅವನು ಎರಡೂ ಅಂಗೈಯನ್ನು ಗೋಡೆಗೆ ಒತ್ತಿ, ಬಿರುಕಿನೊಳಗೆ ಹೇಳುವಂತೆ ಹೇಳಿದ, “ಒಂದೇ ಸಾಲು ಅಕ್ಕ. ಅವ್ವನಿಗೋಸ್ಕರ.”

“ಇಲ್ಲ,” ಎಂದಳು ಸಾರ್ಬಿನಾಜ್. “ಹಾಡಲ್ಲ.”